ಗಾಳದ ಕೋಲು ಎಷ್ಟು ಬಂತು ಅಂತ ಕೇಳಬೇಡಿ

‘ನೀವು ಕೊಡುವ ಪ್ರತಿ ಡಾಲರೂ ನೇರವಾಗಿ ರಾಡು-ರೀಲಿಗೇ!’ ಮೀನು ಹಿಡಿಯುವ ಕೋಲು (ರಾಡು), ದಾರ ಸುತ್ತುವ ಗಾಲಿ (ರೀಲು) ದಾನಕ್ಕೆ ಕೂಡಿಸಲು ನಾವು ಬ್ರೇಕ್ ರೂಮಿನಲ್ಲಿ ಹಚ್ಚಿದ ಪೋಸ್ಟರಿನ ಈ ಸಾಲು ಬರೆದವನು ನಾನು. ಮಾರ್ಕೆಟಿಂಗ್‌ನವರು ಅಕ್ಷರ ದಪ್ಪ ಮಾಡಿ, ಕೊನೆಗೊಂದು ಆಶ್ಚರ್ಯಸೂಚಕ ಸೇರಿಸಿದರು, ಅಷ್ಟೆ. ದುಡ್ಡು ಎಲ್ಲಿಗೆ ಹೋಗುತ್ತದೋ ಅನ್ನುವ ಅನುಮಾನ ಕೊಡುವವರಿಗೆ ಇದ್ದೇ ಇರುತ್ತದಲ್ಲ, ಅದನ್ನು ಒಂದೇ ಏಟಿಗೆ ತೀರಿಸಿದೆ ಅಂತ ಒಳಗೊಳಗೇ ಬೀಗಿದ್ದೆ. ಆ ಸಾಲು ಮುಂದೆ ನನ್ನನ್ನು ಎಷ್ಟು ಸುತ್ತಿಸಿತು ಅಂದರೆ, ಈಗ ಯಾರಾದರೂ ‘ಒಂದು ಒಳ್ಳೆಯ ಟ್ಯಾಗ್‌ಲೈನ್ ಹೇಳಿ’ ಅಂದರೆ ಸೊಂಟದ ವಾಕಿಟಾಕಿ ರೇಡಿಯೋದಲ್ಲಿ ಕರೆ ಬಂದ ಹಾಗೆ ನಟಿಸಿ ಎದ್ದು ಹೋಗುತ್ತೇನೆ.

ನಾನು ಅಮೆರಿಕದಲ್ಲಿ, ಬೇಟೆ-ಮೀನುಗಾರಿಕೆ-ಕ್ಯಾಂಪಿಂಗ್ ಸಾಮಾನು ಮಾರುವ ಕಂಪನಿಯೊಂದರ ಡಿಸ್ಟ್ರಿಬ್ಯೂಷನ್ ಸೆಂಟರಿನಲ್ಲಿ ಇನ್ವೆಂಟರಿ ಕಂಟ್ರೋಲ್ ನೋಡಿಕೊಳ್ಳುವವನು. ನವೆಂಬರ್ 11ರ ವೆಟರನ್ಸ್ ಡೇ ಹತ್ತಿರ ಬಂದಾಗ ಒಂದು ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ಡೈರೆಕ್ಟರ್ ಸಾಹೇಬರು, ಯುದ್ಧದಲ್ಲಿ ಗಾಯಗೊಂಡು ಅಂಗವಿಕಲರಾದ ಮಾಜಿ ಸೈನಿಕರನ್ನು ಮೀನು ಹಿಡಿಯಲು ಕರೆದೊಯ್ಯುವ ಕಾರ್ಯಕ್ರಮವೊಂದಕ್ಕೆ ಸಲಕರಣೆ ಮತ್ತು ಹಣ ಕೂಡಿಸೋಣ ಅಂದರು. ಎರಡನೆಯ ವಾಕ್ಯ ‘ಟಾರ್ಗೆಟ್ ಎಷ್ಟು ಪೀಸ್ ಇಟ್ಟುಕೊಳ್ಳೋಣ?’ ಮೂರನೆಯದು ನನ್ನ ಹೆಸರು.

ಆ ಕಾರ್ಯಕ್ರಮ ನಡೆಸುವ ಹಿರಿಯರೂ ಸೇನೆಯಲ್ಲಿದ್ದವರೇ. ಮುಂಗೈಯಿಂದ ಕೆಳಗೆ ಎಡಗೈ ಇಲ್ಲ. ಮೊದಲ ಮೇಲ್‌ನಲ್ಲೇ ‘ಕೂಡಿಸಲು ಶುರು ಮಾಡುವ ಮೊದಲು ಒಂದು ಸಲ ಫೋನ್ ಮಾಡಿ’ ಅಂತ ಬರೆದಿದ್ದರು. ನಾನು ‘ಚಿಂತೆ ಬೇಡ ಸರ್, ಎಲ್ಲ ನಾವು ನೋಡಿಕೊಳ್ಳುತ್ತೇವೆ’ ಅಂತ ಉತ್ತರ ಕೊಟ್ಟೆ. ವರ್ಷವಿಡೀ ರಾಡು-ರೀಲು ಎಣಿಸುವವನಿಗೆ ರಾಡು-ರೀಲಿನ ಬಗ್ಗೆ ಹೊರಗಿನವರು ಹೇಳುವುದೇನಿದೆ ಅನ್ನುವ ಧಾಟಿ. ಅವರು ಕಲಿಸುವುದು ಫ್ಲೈ ಫಿಷಿಂಗ್, ಹುಳದಂತೆ ಕಾಣುವ ಹಗುರ ಗಾಳ ಎಸೆದು ಮೀನು ಹಿಡಿಯುವುದು. ನನ್ನ ಪಾಲಿಗೆ ಅದು ಆರ್ಡರಿನ ಸಾಮಾನು ಎತ್ತಿಕೊಳ್ಳುವ ಒಂದು ಪಿಕ್ ಝೋನ್ ಅಷ್ಟೇ ಆಗಿತ್ತು.

ಸಾಮಾನು ಬಂತು ನೋಡಿ, ಹೊಳೆ ಹರಿದ ಹಾಗೆ ಬಂತು. ಜನ ಗ್ಯಾರೇಜು ಖಾಲಿ ಮಾಡಿದರು. ತಕ್ಷಣ ಮೊದಲ ತಕರಾರು: ಗೋದಾಮಿನ ಲೆಕ್ಕ ಇಡುವ ನಮ್ಮ ಸಾಫ್ಟ್‌ವೇರ್ ಡಬ್ಲ್ಯುಎಂಎಸ್‌ನಲ್ಲಿ, ಸಾಮಾನು ಯಾಕೆ ಬಂತು ಅಂತ ತೋರಿಸಲು ‘ದಾನ’ ಅನ್ನುವ ರೀಸನ್ ಕೋಡೇ ಇಲ್ಲ. ಪಿಒ (ಖರೀದಿ ಆದೇಶ) ಇಲ್ಲದೆ ರಿಸೀವ್ ಆಗುವುದಿಲ್ಲ, ರಿಸೀವ್ ಆಗದೆ ಲೊಕೇಶನ್ ಸಿಗುವುದಿಲ್ಲ. ಕೊನೆಗೆ ಒಂದು ಡಮ್ಮಿ ಎಸ್‌ಕೆಯು (ಸುಳ್ಳು ಐಟಂ ನಂಬರ್) ಮಾಡಿ ಒಳಗೆ ಹಾಕಿದೆ. ಆಗಾಗ ನಡೆಯುವ ಎಣಿಕೆ, ಸೈಕಲ್ ಕೌಂಟ್‌ನಲ್ಲಿ ಅದು ಓವರೇಜ್ (ಲೆಕ್ಕಕ್ಕಿಂತ ಹೆಚ್ಚು) ಅಂತ ಕಂಡು, ಕಳ್ಳತನ ತಡೆಯುವ ಲಾಸ್ ಪ್ರಿವೆನ್ಷನ್‌ನವರು ಬಂದು, ಯಾರದೋ ತಾತನ ಕಾಲದ ಗಾಳದ ಸಾಮಾನಿನ ಪೆಟ್ಟಿಗೆಯ ಮುಂದೆ ನಿಂತು ನನ್ನನ್ನು ವಿಚಾರಣೆ ಮಾಡಿದರು. ಅತ್ತ ರಿಟರ್ನ್ಸ್ ಸೆಕ್ಷನ್ನಿನಲ್ಲಿ ಒಂದು ಗೈಡು (ದಾರ ಹಾಯುವ ಬಳೆ) ಕಿತ್ತುಹೋದ ಹೊಚ್ಚ ಹೊಸ ರಾಡುಗಳು ‘ಫೀಲ್ಡ್ ಡಿಸ್ಟ್ರಾಯ್’ ಚೀಟಿ ಹಚ್ಚಿಕೊಂಡು ಸಾಲಾಗಿ ನಿಂತಿದ್ದವು. ವೆಂಡರ್ ಅಗ್ರಿಮೆಂಟ್ ಪ್ರಕಾರ ಅವನ್ನು ಮುರಿಯಲೇಬೇಕು, ಯಾರಿಗೂ ಕೊಡುವ ಹಾಗಿಲ್ಲ. ಒಂದೇ ಕಟ್ಟಡದ ಈ ತುದಿಯಲ್ಲಿ ಹಳೇ ರಾಡು ಬೇಡುತ್ತಿದ್ದೇವೆ, ಆ ತುದಿಯಲ್ಲಿ ಹೊಸ ರಾಡು ಮುರಿಯುತ್ತಿದ್ದೇವೆ. ಇದನ್ನು ಮೀಟಿಂಗ್‌ನಲ್ಲಿ ಎತ್ತಿದೆ. ‘ಒಳ್ಳೆಯ ಪಾಯಿಂಟ್’ ಅಂದರು. ನಮ್ಮಲ್ಲಿ ಒಳ್ಳೆಯ ಪಾಯಿಂಟುಗಳಿಗೆ ಮುಕ್ತಿ ಅಲ್ಲೇ.

ರಸೀದಿಯದು ಇನ್ನೊಂದು ಗೋಳು. ‘ಈ ರೀಲು ಇನ್ನೂರು ಡಾಲರಿನದು, ಹಾಗೇ ಬರೆದುಕೊಡಿ’ ಅಂತ ಜನ ಮೇಜಿನ ಮುಂದೆ ನಿಲ್ಲುತ್ತಿದ್ದರು. ರಸೀದಿ ಕೊಡಬೇಕಾದದ್ದು ದತ್ತಿ ಸಂಸ್ಥೆ, ನಾವಲ್ಲ. ಅವರೂ ‘ಒಂದು ಫ್ಲೈ ರೀಲು, ಬಳಸಿದ್ದು’ ಅಂತ ವಸ್ತುವಿನ ವಿವರ ಬರೆಯಬಹುದೇ ಹೊರತು ಬೆಲೆ ಕಟ್ಟುವ ಹಾಗಿಲ್ಲ. ಬೆಲೆ ಕಟ್ಟುವುದು ಕೊಟ್ಟವನ ಜವಾಬ್ದಾರಿ. ದಾನ 250 ಡಾಲರ್ ಅಥವಾ ಹೆಚ್ಚಿನದಾದರೆ ತೆರಿಗೆ ವಿನಾಯಿತಿಗೆ ಲಿಖಿತ ಸ್ವೀಕೃತಿ ಬೇಕು. ವಸ್ತುರೂಪದ ದಾನಗಳಿಗೆ ಕೇಳುವ ಕಡಿತ ಒಟ್ಟು 500 ಡಾಲರ್ ದಾಟಿದರೆ ರಿಟರ್ನ್ ಜೊತೆ 8283 ನಂಬರಿನ ಫಾರಂ ಇಡಬೇಕು. ಈ ಪಾಠವನ್ನು ಅಷ್ಟು ಜನಕ್ಕೆ ಬಾಯಲ್ಲಿ ಹೇಳುವ ಬದಲು ಮೇಜಿನ ಮೇಲೆ ಒಂದು ಹಾಳೆ ಅಂಟಿಸಬಹುದಿತ್ತು. ಹೊಳೆದದ್ದು ಡ್ರೈವ್ ಮುಗಿದ ಮೇಲೆ.

ಹಸ್ತಾಂತರದ ಹಿಂದಿನ ಸಂಜೆ ಹೊತ್ತಿಗೆ ಗೇಲಾರ್ಡ್‌ಗಳು (ಪ್ಯಾಲೆಟ್ ಗಾತ್ರದ ರಟ್ಟಿನ ಡಬ್ಬಗಳು) ತುಂಬಿ ತುಳುಕುತ್ತಿದ್ದವು. ಬೆಳಿಗ್ಗೆ ಫೋಟೋ ಇದೆ, ಕಸ ಕಾಣಬಾರದು ಅಂತ ಮಾರ್ಕೆಟಿಂಗ್‌ನಿಂದ ಮೆಸೇಜ್. ನಾನೇ ನಿಂತು ಬೇರ್ಪಡಿಸಿದೆ. ಉದ್ದದ್ದು, ಹೊಳೆಯುವುದು, ಬ್ರ್ಯಾಂಡಿನದು ಮೇಲಕ್ಕೆ. ತುದಿ ಮುರಿದದ್ದು, ಗೈಡು ಬಿಚ್ಚಿಹೋದದ್ದು, ಕಾರ್ಕಿನ ಹಿಡಿ ಸೀಳಿದ್ದು ಎಲ್ಲವನ್ನೂ ಕಾರ್ಟಿಗೆ ತುಂಬಿಸಿ, ಕಸ ಒತ್ತಿ ಜಜ್ಜುವ ಕಂಪ್ಯಾಕ್ಟರಿಗೆ ಕಳಿಸಿದೆ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅಂತಾರೆ. ಇನ್ವೆಂಟರಿಯವನ ಉದ್ಯೋಗವೇ ಹಲ್ಲು ಎಣಿಸುವುದು, ಹಾಗಾಗಿ ಎಣಿಸಿದೆ. ಯಾರ ಕಣ್ಣಿಂದ ಎಣಿಸಬೇಕಿತ್ತು ಅನ್ನುವುದು ಮಾತ್ರ ಮರುದಿನ ತಿಳಿಯಿತು.

ಆ ಹಿರಿಯರು ಹೇಳಿದ ಹೊತ್ತಿಗಿಂತ ಮುಂಚೆಯೇ ಒಂದು ಪಿಕಪ್‌ನಲ್ಲಿ ಬಂದರು. ಡಾಕ್ ಡೋರ್ ಮುಂದೆ ಆಳೆತ್ತರದ ಚೆಕ್ಕು, ಬಲೂನು, ಕ್ಯಾಮೆರಾ. ಅವರು ಅದ್ಯಾವುದನ್ನೂ ನೋಡದೆ ಸೀದಾ ಗೇಲಾರ್ಡ್ ಹತ್ತಿರ ಹೋಗಿ ಒಂದೊಂದೇ ರಾಡು ಎತ್ತಿ ನೋಡತೊಡಗಿದರು. ಹಿಡಿಯ ಹತ್ತಿರ ಬರೆದಿರುವ ನಂಬರ್ ಓದುವುದು, ವಾಪಸ್ ಇಡುವುದು. ಸಮುದ್ರದ ದಂಡೆಯಿಂದ ಎಸೆಯುವ ಹನ್ನೆರಡು ಅಡಿಯ ಸರ್ಫ್ ರಾಡುಗಳು. ವಾಪಸ್. ಬೇಟ್‌ಕಾಸ್ಟರ್ ರೀಲುಗಳು. ಒಂದನ್ನು ಕೈಯಲ್ಲಿ ಹಿಡಿದು ನನ್ನತ್ತ ತಿರುಗಿದರು. ‘ಸ್ಪಿನ್ನಿಂಗ್ ರೀಲಾದರೆ ಹ್ಯಾಂಡಲ್ ಬಿಚ್ಚಿ ಆ ಕಡೆಗೆ ಹಾಕಬಹುದು. ಫ್ಲೈ ರೀಲುಗಳೂ ಬಹುತೇಕ ತಿರುಗಿಸಿಕೊಳ್ಳಲು ಬರುತ್ತವೆ. ಇದಕ್ಕೆ ಆ ಭಾಗ್ಯವಿಲ್ಲ. ಯಾವ ಕೈ ಹೋಗಿದೆ ಅನ್ನುವುದರ ಮೇಲೆ ನಮ್ಮಲ್ಲಿ ಸಾಮಾನು ಹಂಚುತ್ತೇವೆ.’ ಕೋಪವಿಲ್ಲ, ವ್ಯಂಗ್ಯವಿಲ್ಲ. ಸ್ಟಾಕ್ ಚೆಕ್ ಮಾಡುವವರ ದನಿ. ನನಗೆ ಚೆನ್ನಾಗಿ ಪರಿಚಯವಿರುವ ದನಿ.

ಅವರಿಗೆ ಬೇಕಾದದ್ದು ಒಂಬತ್ತು ಅಡಿಯ, ನಾಲ್ಕು ತುಂಡು ಜೋಡಿಸಿ ಮಾಡುವ, ಐದು ವೆಯ್ಟಿನ (ಅದು ಎಸೆಯುವ ದಾರದ ತೂಕದ ನಂಬರ್) ಫ್ಲೈ ರಾಡು. ಟ್ರೌಟ್ ಮೀನಿನ ಹೊಳೆಗೆ, ಹೊಸಬರ ಕೈಗೆ ಸರಿಹೋಗುವ ಅಳತೆ. ಇಲ್ಲವೇ ರೀಲೇ ಇಲ್ಲದ ಟೆಂಕಾರ ರಾಡು. ತುದಿಗೇ ದಾರ ಕಟ್ಟಿರುವುದರಿಂದ ಒಂದೇ ಕೈಯವರು ಸಲೀಸಾಗಿ ಎಸೆಯಬಹುದು. ಹೊಳೆಗಿಳಿಯುವ ಬೂಟುಗಳ ಅಡಿ ತಿರುವಿ ನೋಡಿದರು. ಫೆಲ್ಟ್ (ಒತ್ತಿದ ಕಂಬಳಿಯಂಥ) ತಳದವನ್ನು ಪಕ್ಕಕ್ಕಿಟ್ಟರು, ಒಂದು ಹೊಳೆಯ ಪಾಚಿ-ಕ್ರಿಮಿಯನ್ನು ಇನ್ನೊಂದಕ್ಕೆ ಹೊತ್ತೊಯ್ಯುತ್ತವೆ ಅಂತ. ಮೇರಿಲ್ಯಾಂಡ್ ರಾಜ್ಯವಂತೂ 2011ರಲ್ಲೇ ಅವನ್ನು ನಿಷೇಧಿಸಿತು. ಗಾಳದ ದಾರಕ್ಕೆ ಭಾರ ಕಟ್ಟುವ ಸೀಸದ ಗುಂಡುಗಳ ಡಬ್ಬಿಯೂ ಪಕ್ಕಕ್ಕೆ. ನಾನು ಮೇಲಕ್ಕೆ ಜೋಡಿಸಿದ್ದ ಹೊಳೆಯುವ ಪದರವೆಲ್ಲ ನೆಲದ ಮೇಲೆ ಬೇರೆ ರಾಶಿಯಾಗಿ ಬೆಳೆಯುತ್ತಿತ್ತು. ಕ್ಯಾಮೆರಾದವನು ಗಡಿಯಾರ ನೋಡಿದ. ಡೈರೆಕ್ಟರ್ ನನ್ನನ್ನು ನೋಡಿದರು.

ಆಗ ಹಿರಿಯರು ಕೇಳಿದರು: ‘ಮುರಿದವು ಬರಲಿಲ್ಲವಾ? ಗ್ಯಾರೇಜಿನಿಂದ ಬಂದಿದ್ದರೆ ಅರ್ಧ ಮುರಿದದ್ದೇ ಇರಬೇಕಲ್ಲ.’

ಚಳಿಗಾಲದಲ್ಲಿ ಹೊಳೆಗೆ ಹೋಗಲಾಗದ ತಿಂಗಳುಗಳಲ್ಲಿ ಅವರದು ರಾಡು ಕಟ್ಟುವ ಕ್ಲಾಸು. ಹಳೆಯ ಗೈಡು ಬಿಚ್ಚುವುದು, ದಾರ ಒತ್ತೊತ್ತಾಗಿ ಸುತ್ತುವುದು, ಎಪಾಕ್ಸಿ ಬಳಿಯುವುದು, ಹೊಸ ತುದಿ ಅಂಟಿಸುವುದು. ಬೆರಳು ಸ್ವಾಧೀನದಲ್ಲಿಲ್ಲದವರಿಗೆ ಅದು ಅಭ್ಯಾಸ. ತಲೆಗೆ ಪೆಟ್ಟಾದವರಿಗೆ, ನಿದ್ದೆ ಬಾರದವರಿಗೆ ಕೂತು ಮಾಡಲು ಒಂದು ಕೆಲಸ. ಕಲಿಯುವವರ ಕೈಗೆ ಮುರಿದ ರಾಡೇ ಬೇಕು.

ನಾನು ಉತ್ತರ ಕೊಡಲಿಲ್ಲ. ರೇಡಿಯೋ ಒತ್ತಿ ‘ಕಂಪ್ಯಾಕ್ಟರ್ ನಿಲ್ಲಿಸಿ, ಒತ್ತುವ ಸೈಕಲ್ ಹಾಕಬೇಡಿ’ ಅಂದೆ. ಆ ಕಡೆಯಿಂದ ಬರೀ ಸದ್ದು. ಇನ್ನೊಮ್ಮೆ ಕೂಗಿದೆ. ಫೋರ್ಕ್‌ಲಿಫ್ಟಿನ ದಾರಿಯಲ್ಲಿ ಓಡಬಾರದು ಅನ್ನುವುದು ನಾನೇ ಹೊಸಬರಿಗೆ ಹೇಳಿಕೊಡುವ ನಿಯಮ, ಓಡಿದೆ. ಪುಣ್ಯಕ್ಕೆ ಅಲ್ಲಿಯ ಹುಡುಗ ಬ್ರೇಕಿಗೆ ಹೋಗಿದ್ದ, ಬೆಳಗಿನ ಸೈಕಲ್ ಇನ್ನೂ ಹಾಕಿರಲಿಲ್ಲ. ರಾಡುಗಳು ಒಳಗೆ ಅಡ್ಡಾದಿಡ್ಡಿ ಕಾಣುತ್ತಿದ್ದವು, ಕೈಗೆಟುಕುವಷ್ಟು ಹತ್ತಿರ. ಎಟುಕಿದರೂ ಕೈ ಹಾಕುವ ಹಾಗಿಲ್ಲ. ಪವರ್ ತೆಗೆದು, ಬೀಗ ಜಡಿದು, ಟ್ಯಾಗ್ ನೇತುಹಾಕಿ ಲಾಕ್‌ಔಟ್ ಮಾಡಿದ ಮೇಲೇ ಮುಟ್ಟಬೇಕು. ಬೀಗದ ಅಧಿಕಾರ ಮೆಂಟೆನೆನ್ಸಿನವರದು, ಮೆಂಟೆನೆನ್ಸಿನವರು ಕನ್ವೇಯರ್ ಜ್ಯಾಮಿನಲ್ಲಿ. ಸುಮ್ಮನೆ ಒಂದು ಕೈ ಹಾಕಿ ನಾಲ್ಕು ಎಳೆದುಬಿಡಲಾ ಅನ್ನಿಸಿತು. ನಿಜವಾಗಿ ಅನ್ನಿಸಿತು. ಅಷ್ಟರಲ್ಲಿ ಹಿಂದಿನಿಂದ ಆ ಹಿರಿಯರು ಬಂದು ಪಕ್ಕದಲ್ಲಿ ನಿಂತರು. ಅವರ ಎಡತೋಳಿನ ಕಡೆ ನನ್ನ ಕಣ್ಣು ಹೋಯಿತು, ನನ್ನ ಕೈ ಜೇಬಿಗೆ ಹೋಯಿತು.

ಕಾಯುವಾಗ ಅವರೇ ಮಾತು ತೆಗೆದರು. ಇಂಥ ಕೆಲಸ ಶುರುವಾದದ್ದೇ ಆಸ್ಪತ್ರೆಯ ಅಂಗಳದಲ್ಲಂತೆ. 2005ರಲ್ಲಿ ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ, ಎಡ್ ನಿಕೋಲ್ಸನ್ ಅನ್ನುವ ನೌಕಾಪಡೆಯ ನಿವೃತ್ತ ಕ್ಯಾಪ್ಟನ್, ಇರಾಕ್-ಅಫ್ಘಾನಿಸ್ತಾನದಿಂದ ಗಾಯಗೊಂಡು ಬಂದವರಿಗೆ ಹುಲ್ಲಿನ ಮೇಲೇ ಲೈನ್ ಎಸೆಯಲು ಕಲಿಸಿದರು. ಅದೇ ಮುಂದೆ ಪ್ರಾಜೆಕ್ಟ್ ಹೀಲಿಂಗ್ ವಾಟರ್ಸ್ ಅನ್ನುವ ಸಂಸ್ಥೆ ಆಯಿತು. ‘ಅಲ್ಲಿ ನೀರೂ ಇರಲಿಲ್ಲ, ಮೀನೂ ಇರಲಿಲ್ಲ. ಜನ ಇದ್ದರು, ಕಲಿಸುವವರಿದ್ದರು’ ಅಂದರು. ನಾನು ತಲೆಯಾಡಿಸಿದೆ. ಕಣ್ಣು ಮೆಂಟೆನೆನ್ಸಿನವನ ದಾರಿಯ ಮೇಲಿತ್ತು.

ಬೀಗ ಬಿತ್ತು, ರಾಡುಗಳು ಹೊರಗೆ ಬಂದವು. ಕೆಲವು ಕಾರ್ಟಿನಿಂದ ಸುರಿಯುವಾಗಲೇ ನಡುವಿಗೆ ಮುರಿದಿದ್ದವು. ಉಳಿದವನ್ನು ಅವರು ಖುಷಿಯಿಂದ ಪಿಕಪ್ಪಿಗೆ ಹಾಕಿಸಿಕೊಂಡರು. ಅಲ್ಲಿಗೆ ನನ್ನ ಗ್ರಹಚಾರ ಮುಗಿಯಿತು ಅಂದುಕೊಂಡೆ.

ಫೋಟೋಗೆ ನಿಂತಾಗ ಹಿರಿಯರು, ಹಣ ಯಾತಕ್ಕೆ ಅಂತ ಬರೆಯುವ ದೊಡ್ಡ ಚೆಕ್ಕಿನ ಕೆಳಗಿನ ಮೂಲೆ ಓದಿ, ಮೆಲ್ಲಗೆ ನನ್ನ ಕಿವಿಯಲ್ಲಿ ಕೇಳಿದರು: ‘ಇದರಲ್ಲಿ ಲಿಫ್ಟ್ ಇರುವ ವ್ಯಾನ್ ಬಾಡಿಗೆಗೆ ತೆಗೆದುಕೊಳ್ಳಬಹುದಾ? ವೀಲ್‌ಚೇರಿನವರನ್ನು ಹೊಳೆಯವರೆಗೆ ಕರೆತರುವುದೇ ಕಷ್ಟ. ರಾಡು ಹೇಗೋ ಸಿಗುತ್ತದೆ.’ ನಾನು ಧಾರಾಳವಾಗಿ ‘ಖಂಡಿತ ಸರ್, ನಿಮ್ಮ ದುಡ್ಡು’ ಅಂದೆ. ಇನ್ನೊಂದು ಪಕ್ಕದಲ್ಲಿ ನಿಂತಿದ್ದ ಫೈನಾನ್ಸ್ ಮೇಡಂಗೆ ಕೇಳಿಸಿತು. ಕ್ಯಾಮೆರಾ ಕಡೆ ನಗುತ್ತಲೇ, ತುಟಿ ಅಲುಗಿಸದೆ ಅಂದರು: ‘ಆಗಲ್ಲ. ರಾಡು-ರೀಲಿಗೇ ಅಂತ ಹೇಳಿ ಎತ್ತಿದ ದುಡ್ಡು. ನಿಮ್ಮ ಪೋಸ್ಟರ್ ಓದಿ.’ ಕಂಪನಿಯ ಸೈಟಿನಲ್ಲಿ ಇವತ್ತಿಗೂ ಆ ಫೋಟೋ ಇದೆ. ಮೂವರಲ್ಲಿ ಬಾಯಿ ತೆರೆದವನು ನಾನು.

ಮೇಡಂ ಹೇಳಿದ್ದು ಸರಿಯೇ. ಇಂಥದ್ದಕ್ಕೇ ಅಂತ ಹೇಳಿ ದೇಣಿಗೆ ಎತ್ತಿದರೆ ಅದು ನಿರ್ಬಂಧಿತ ನಿಧಿ. ಪಡೆದ ಸಂಸ್ಥೆ ಅದನ್ನು ಅದಕ್ಕೇ ಖರ್ಚು ಮಾಡಬೇಕು. ಕೊಟ್ಟವರೇ ಲಿಖಿತವಾಗಿ ಒಪ್ಪಿದರೆ ಸಡಿಲಿಸಬಹುದು. ಹಾಗಾಗಿ ಸಂಬಳದಿಂದ ಹಿಡಿಸಿ ಕೊಟ್ಟ ಪ್ರತಿಯೊಬ್ಬರಿಗೂ ಮೇಲ್ ಬರೆದೆ: ನಿಮ್ಮ ಹಣವನ್ನು ಪ್ರಯಾಣಕ್ಕೆ, ದೋಣಿಗೆ, ಅವರಿಗೆ ಏನು ಬೇಕೋ ಅದಕ್ಕೆ ಬಳಸಲು ಒಪ್ಪಿಗೆಯೇ? ಪಿಕ್ಕರ್‌ಗಳು, ಪ್ಯಾಕರ್‌ಗಳು ಬ್ರೇಕಿನಲ್ಲೇ ಫೋನಿನಿಂದ ‘ಓಕೆ’ ಅಂತ ಕಳಿಸಿದರು. ಒಬ್ಬಾಕೆ ‘ಇದನ್ನು ಕೇಳಬೇಕಿತ್ತಾ?’ ಅಂತ ಬರೆದಳು. ಎಲ್ಲರಿಗಿಂತ ತಡವಾದದ್ದು, ನೌಕರರು ಕೊಟ್ಟದ್ದರ ಜೊತೆಗೆ ಕಂಪನಿ ಸೇರಿಸುವ ಮ್ಯಾಚಿಂಗ್ ಮೊತ್ತದ ಒಪ್ಪಿಗೆ. ಒಂದು ಸಹಿ ಸಾಕಿತ್ತು. ಅದು ಲೀಗಲ್, ಟ್ಯಾಕ್ಸ್, ಕಮ್ಯುನಿಕೇಷನ್ಸ್ ಎಲ್ಲ ಸುತ್ತಿ ಬರುವಷ್ಟರಲ್ಲಿ ಹೊಳೆಯ ಸೀಸನ್ ಶುರುವಾಗಿತ್ತು.

ಹಿರಿಯರು ಪಕ್ಕಕ್ಕಿಟ್ಟ ರಾಶಿಯಲ್ಲಿ ಸ್ಪಿನ್ನಿಂಗ್ ಸೆಟ್ಟುಗಳನ್ನು ಕಯಾಕ್‌ನಲ್ಲಿ ಮಾಜಿ ಸೈನಿಕರನ್ನು ಕರೆದೊಯ್ಯುವ ಇನ್ನೊಂದು ತಂಡ ತೆಗೆದುಕೊಂಡಿತು. ಈ ಸಲ ಮೊದಲು ಫೋನ್ ಮಾಡಿದೆ. ಸರ್ಫ್ ರಾಡುಗಳು ಡಮ್ಮಿ ಎಸ್‌ಕೆಯು ಹೆಸರಿನಲ್ಲಿ ಈಗಲೂ ಗೋದಾಮಿನ ಅಟ್ಟದ ಮೇಲಿವೆ. ಡೈರೆಕ್ಟರ್ ಸಾಹೇಬರು ಮುಂದಿನ ಟಾರ್ಗೆಟ್ ಎಷ್ಟು ಪೀಸ್ ಅಂತ ಮತ್ತೆ ಕೇಳಿದಾಗ, ಹಿರಿಯರು ಕಳಿಸಿದ್ದ ಪಟ್ಟಿಯನ್ನೇ ಫಾರ್ವರ್ಡ್ ಮಾಡಿದೆ: ಇಂತಿಷ್ಟು ಐದು ವೆಯ್ಟಿನವು, ಎದೆಗೆ ಕಟ್ಟಿಕೊಳ್ಳುವ ರಾಡ್ ಹೋಲ್ಡರ್, ಮುರಿದವು ಎಷ್ಟಾದರೂ ಸರಿ, ಉಳಿದದ್ದೆಲ್ಲ ನಗದು, ಷರತ್ತಿಲ್ಲದೆ. ‘ಇದನ್ನು ಚಾರ್ಟ್‌ನಲ್ಲಿ ಹೇಗೆ ತೋರಿಸುವುದು?’ ಅಂತ ಉತ್ತರ ಬಂತು.

ಇನ್ನು ಕೆಫೆಟೇರಿಯಾದ ಡಬ್ಬಿಗೆ ಬಿದ್ದ ನೋಟು-ಚಿಲ್ಲರೆ. ಅದನ್ನು ಹಾಕಿದವರು ಯಾರೆಂದು ಗೊತ್ತಿಲ್ಲ, ಒಪ್ಪಿಗೆ ಕೇಳುವುದು ಯಾರನ್ನು? ಆ ಹಣ ಮಾತ್ರ ಪೋಸ್ಟರಿಗೆ ಕಟ್ಟುಬಿದ್ದು ರಾಡು-ರೀಲಿನ ಖಾತೆಯಲ್ಲೇ ಉಳಿಯಿತು. ಹಿರಿಯರು ಅದರಲ್ಲಿ ಕ್ಲಾಸಿಗೆ ಬೇಕಾದ ಟಿಪ್-ಟಾಪು (ರಾಡಿನ ತುದಿಯ ಬಳೆ), ಗೈಡು, ಸುತ್ತುವ ದಾರ ತರಿಸುತ್ತಿದ್ದಾರೆ. ಪ್ರತಿ ಬಿಲ್ಲಿನ ಪ್ರತಿ ನನಗೆ ಬರುತ್ತದೆ. ಫೈನಾನ್ಸ್ ಮೇಡಂ ಕೇಳಿದ್ದಾರೆ.