ಮೆಕ್ಕೆಜೋಳದ ಬೆಂಡಿನಿಂದ ಇದ್ದಿಲು ಬಿಲ್ಲೆ: ಈ ಹಂಗಾಮಿನ ಕೆಲಸ ಎಲ್ಲಿಗೆ ಬಂತು

ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳದ ಒಕ್ಕಣೆ ಮುಗಿದ ಮೇಲೆ ಕಣದ ಬದಿಯಲ್ಲಿ ಕಾಳು ಬಿಡಿಸಿದ ಬೆಂಡಿನ ರಾಶಿ ಉಳಿಯುತ್ತದೆ. ಅದರಲ್ಲಿ ಒಂದಷ್ಟು ನೀರೊಲೆಗೆ ಹೋಗುತ್ತದೆ, ಮಿಕ್ಕಿದ್ದಕ್ಕೆ ಅಲ್ಲಿಯೇ ಬೆಂಕಿ ಬೀಳುತ್ತದೆ. ಹೀಗೆ ಮಿಕ್ಕಿದ ಬೆಂಡನ್ನು ಇದ್ದಿಲಾಗಿಸಿ, ಕುಟ್ಟಿ, ಗಂಜಿಯಲ್ಲಿ ಕಲಸಿ ಅಡುಗೆಗೆ ಬಿಲ್ಲೆ ಒತ್ತುವ ಪ್ರಯತ್ನದ ವಿವರ ಇದು.

ಸುಡುವುದಕ್ಕೆ 200 ಲೀಟರಿನ ಹಳೆಯ ಕಬ್ಬಿಣದ ಡ್ರಮ್ ಸಾಕು. ತಳದಲ್ಲಿ ತೂತು ಕೊರೆದು, ಚೆನ್ನಾಗಿ ಒಣಗಿದ ಬೆಂಡು ತುಂಬಿ ಮೇಲಿನಿಂದ ಬೆಂಕಿ ಕೊಟ್ಟರೆ, ಉರಿ ಪದರ ಪದರವಾಗಿ ಕೆಳಗಿಳಿಯುತ್ತದೆ ಮತ್ತು ಏಳುವ ಹೊಗೆಯ ಹೆಚ್ಚಿನ ಪಾಲು ಮೇಲ್ಭಾಗದ ಜ್ವಾಲೆಯಲ್ಲಿಯೇ ಸುಟ್ಟುಹೋಗುತ್ತದೆ. ಹಳದಿ ಜ್ವಾಲೆ ಕುಗ್ಗಿ ಗಿಡ್ಡನೆಯ ನೀಲಿ ನಾಲಿಗೆಗಳು ಕಾಣಿಸಿಕೊಂಡಾಗ ಮುಚ್ಚಳ ಹಾಕಿ, ತಳದ ಸುತ್ತ ಹಸಿ ಮಣ್ಣು ಮೆತ್ತಿ ಗಾಳಿ ಕಟ್ಟಬೇಕು; ತಡಮಾಡಿದರೆ ಇದ್ದಿಲೇ ಬೂದಿಯಾಗುತ್ತದೆ. ಪೂರ್ತಿ ತಣಿಯುವ ಮೊದಲು ಮುಚ್ಚಳ ತೆಗೆಯುವಂತಿಲ್ಲ, ಗಾಳಿ ತಗುಲಿದರೆ ಮತ್ತೆ ಹೊತ್ತಿಕೊಳ್ಳುತ್ತದೆ.

ಇಲ್ಲಿ ಲೆಕ್ಕವೊಂದನ್ನು ಮುಚ್ಚಿಡಬಾರದು. 100 ಕಿಲೋ ಒಣ ಬೆಂಡಿಗೆ ಹೆಚ್ಚೆಂದರೆ 25 ಕಿಲೋ ಇದ್ದಿಲು ಸಿಗುತ್ತದೆ. ಬೆಂಡಿನ ಶಾಖ ಕಿಲೋಗೆ ಸುಮಾರು 16 ಮೆಗಾಜೂಲ್, ಇದ್ದಿಲಿನದು 28 ಎಂದು ಹಿಡಿದರೂ 1600ರಲ್ಲಿ 700 ಮಾತ್ರ ಕೈಗೆ ಬರುತ್ತದೆ. ಆದುದರಿಂದ ಬೆಂಡನ್ನು ನೇರವಾಗಿ ನೀರೊಲೆಗೆ ಹಾಕಿ ಮುಗಿಸುವ ಮನೆಯವರು ಈ ಗೊಡವೆಗೆ ಬರಬೇಕಾಗಿಲ್ಲ. ಹೊಗೆಯಿಲ್ಲದೆ ನಿಧಾನವಾಗಿ ಕಾಯುವ ಕೆಂಡ ಬೇಕಿದ್ದರೆ ಮಾತ್ರ, ಅದೂ ಕಣದಲ್ಲಿ ವ್ಯರ್ಥವಾಗಿ ಸುಟ್ಟುಹೋಗುವ ಬೆಂಡಿನಿಂದ, ಇದಕ್ಕೆ ಅರ್ಥವಿದೆ ಎಂಬುದು ನನ್ನ ಅಭಿಪ್ರಾಯ.

ಸದ್ಯ ಹೆಚ್ಚಿನ ಗಮನ ಗಂಜಿಯ ಮೇಲಿದೆ. ಸುಡುವಾಗ ಬೆಂಡಿನ ಸಹಜವಾದ ಅಂಟು ಹೋಗಿಬಿಡುವುದರಿಂದ ಇದ್ದಿಲಿನ ಪುಡಿ ಎಷ್ಟು ಒತ್ತಿದರೂ ತಾನಾಗಿ ಕೂಡಿಕೊಳ್ಳುವುದಿಲ್ಲ. ಮರಗೆಣಸಿನ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಕುದಿಯುವ ನೀರಿಗೆ ಹೊಯ್ದು, ಬಿಳುಪು ಹೋಗಿ ಅರೆಪಾರದರ್ಶಕವಾಗುವವರೆಗೆ ತಿರುವಬೇಕು. ಪುಡಿಯ ತೂಕದ ಶೇ. 10ರಷ್ಟು ಹಿಟ್ಟು ಹಾಕಿದಾಗ ಬಿಲ್ಲೆ ಗಟ್ಟಿಯಾಗುತ್ತದೆ, ಆದರೆ ಹೊತ್ತಿಕೊಳ್ಳುವಾಗ ಸೀದ ಅನ್ನದ ವಾಸನೆಯ ಹೊಗೆ ಬರುತ್ತದೆ. ಶೇ. 6ಕ್ಕೆ ಇಳಿಸಿದ ಮೇಲೆ ವಾಸನೆ ಬಹುಮಟ್ಟಿಗೆ ತಗ್ಗಿದೆ, ಅಂಚು ಮಾತ್ರ ತುಸು ಉದುರುತ್ತದೆ. ಹಿಡಿಯಲ್ಲಿ ಹಿಸುಕಿದಾಗ ಉಂಡೆ ಬಿರಿಯಬಾರದು, ಬೆರಳ ಸಂದಿಯಲ್ಲಿ ನೀರೂ ಜಿನುಗಬಾರದು. ಕಲಸಿದ ಹದಕ್ಕೆ ಇದೇ ಗುರುತು. ನುಣ್ಣನೆಯ ಪುಡಿಯೊಂದಿಗೆ ರವೆಯಂತಹ ತರಿ ಸ್ವಲ್ಪ ಬೆರೆತಿದ್ದರೆ ಬಿಲ್ಲೆ ಇನ್ನಷ್ಟು ಒತ್ತಾಗಿ ಕೂಡುತ್ತದೆ. ಗಂಜಿಯ ಬದಲು ಸಗಣಿ ಹಾಕಿದರೆ ಖರ್ಚಿಲ್ಲ ಎಂದು ಹೇಳುವವರಿದ್ದಾರೆ, ಆದರೆ ಬೂದಿ ಹೆಚ್ಚಿ ಕೆಂಡದ ಮೇಲೆ ಮುಸುಕು ಕಟ್ಟುತ್ತದೆ.

ಅಚ್ಚಿಗೆ ಪಿವಿಸಿ ಕೊಳವೆಯ ತುಂಡು, ಒತ್ತಲು ಮರದ ಗೂಟ, ಗಾಳಿಯಾಡಲು ನಡುವೆ ತೂತು ಬರುವಂತೆ ಒಂದು ಸರಳು. ಒತ್ತಿದ ಬಿಲ್ಲೆಗಳನ್ನು ಮೊದಲು ನೆರಳಿನಲ್ಲಿ ಇಡಬೇಕು, ನೇರ ಬಿಸಿಲಿಗೆ ಹಾಕಿದರೆ ಹೊರಮೈ ಬೇಗ ಒಣಗಿ ಸೀಳುತ್ತದೆ. ಗುರುತು ಹಾಕಿದ ಒಂದೇ ಬಿಲ್ಲೆಯನ್ನು ಪ್ರತಿ ಸಂಜೆ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಚೀಲಕ್ಕೆ ತುಂಬುತ್ತಿದ್ದೇನೆ. ಮುಟ್ಟಿದಾಗ ಒಣಗಿದಂತೆ ತೋರುವ ಬಿಲ್ಲೆಯ ಒಡಲಲ್ಲಿ ತೇವ ಉಳಿದಿರುವುದು ತಕ್ಕಡಿಗೆ ಮಾತ್ರ ಗೊತ್ತಾಗುತ್ತದೆ.

ಉರಿಸುವುದು ಜಾಲರಿಯಿರುವ ಇದ್ದಿಲು ಒಲೆಯಲ್ಲಿ, ಅದೂ ಅಂಗಳದಲ್ಲಿ. ಕೆಂಡಕ್ಕೆ ಹೊಗೆಯಿಲ್ಲವೆಂದು ಮುಚ್ಚಿದ ಕೋಣೆಯೊಳಗೆ ತಂದಿಟ್ಟುಕೊಂಡರೆ ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯಬಲ್ಲದು. ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯಲ್ಲಿ ಇದನ್ನು ಬಳಸಬಹುದೇ ಎಂಬ ಪ್ರಶ್ನೆ ಸಹಜ, ಆದರೆ ಅದು ಸೌದೆಯ ಜ್ವಾಲೆಯನ್ನು ಒಂದು ಪಾತ್ರೆಯಿಂದ ಇನ್ನೊಂದರ ಅಡಿಗೆ ಹರಿಸುವ ಒಲೆ. ಪಾತ್ರೆಯ ಹತ್ತಿರವೇ ಇರಬೇಕಾದ ಕೆಂಡಕ್ಕೆ ಅದು ಒಗ್ಗುವುದಿಲ್ಲ.

ಮುಂದಿನ ಕೆಲಸ ಬಿಲ್ಲೆ ಒತ್ತಲು ಕಾರಿನ ಜಾಕ್ ಕೂರಿಸಿದ ಚೌಕಟ್ಟಿನದು. ಒತ್ತಡ ಹೆಚ್ಚಿದರೆ ಹಿಟ್ಟನ್ನು ಶೇ. 5ಕ್ಕಿಂತ ಕೆಳಗೆ ತರಬಹುದೇ ಎಂದು ನೋಡಬೇಕಾಗಿದೆ. ಮಳೆಗಾಲದಲ್ಲಿ ಗಂಜಿಯ ಬಿಲ್ಲೆ ತೇವ ಹೀರುವುದರಿಂದ, ಅಷ್ಟರೊಳಗೆ ಅಟ್ಟದ ಮೇಲೆ ಅವಕ್ಕೊಂದು ಜಾಗವನ್ನೂ ಮಾಡಬೇಕು.