ಮಗಳ ಹೆಸರು ಮತ್ತು ಭಾರತದ ಇ-ವೀಸಾ

2025ರ ಡಿಸೆಂಬರಿನಲ್ಲಿ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಅಮ್ಮನ ಸಹಸ್ರಚಂದ್ರದರ್ಶನ ಶಾಂತಿ ನಿಶ್ಚಯವಾಗಿತ್ತು. ನ್ಯೂಜೆರ್ಸಿಯಲ್ಲಿ ಹದಿನೇಳು ವರ್ಷಗಳಿಂದ ನೆಲೆಸಿದ್ದರೂ ನಾನು ಮತ್ತು ನಮ್ಮ ಯಜಮಾನರು ಇನ್ನೂ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿದ್ದೇವೆ. ಹದಿನಾಲ್ಕು ವರ್ಷದ ಮಗಳು ಮಾತ್ರ ಇಲ್ಲಿ ಹುಟ್ಟಿದವಳಾದ್ದರಿಂದ ಅಮೆರಿಕದ ಪ್ರಜೆ. ಹಾಗಾಗಿ ಅಜ್ಜಿಯ ಮನೆಗೆ ಹೋಗುವುದೂ ಅವಳ ಪಾಲಿಗೆ ವಿದೇಶ ಪ್ರಯಾಣವೇ, ಅದಕ್ಕೆ ವೀಸಾ ಬೇಕೇಬೇಕು. ಭಾರತೀಯ ಮೂಲದ ವಿದೇಶಿ ಪ್ರಜೆಗಳು ವೀಸಾ ಇಲ್ಲದೆ ಬಂದುಹೋಗಲು ಕೊಡುವ ಓಸಿಐ ಕಾರ್ಡ್ ಮಾಡಿಸುವ ಕೆಲಸವನ್ನು ಮುಂದೂಡುತ್ತಲೇ ಬಂದಿದ್ದೆವು. ದಿನಗಳು ಹತ್ತಿರವಾದಾಗ ಉಳಿದ ದಾರಿ ಇ-ವೀಸಾ ಒಂದೇ.

ಭಾರತ ಸರ್ಕಾರ ಈ ವ್ಯವಸ್ಥೆಯನ್ನು ಆರಂಭಿಸಿದ್ದು 2014ರ ನವೆಂಬರ್ 27ರಂದು, ಅಮೆರಿಕವೂ ಸೇರಿದಂತೆ 43 ದೇಶಗಳ ಪ್ರಜೆಗಳಿಗೆ. ಅಂದು ಇದಕ್ಕೆ ಗೊತ್ತುಮಾಡಿದ್ದ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ಬೆಂಗಳೂರೂ ಒಂದು. ಮಂಗಳೂರು ಆಮೇಲೆ ಸೇರಿತು. ದೂತಾವಾಸಕ್ಕೆ ಅಲೆಯಬೇಕಾಗಿಲ್ಲ, ಪಾಸ್‌ಪೋರ್ಟನ್ನು ಅಂಚೆಯಲ್ಲಿ ಕಳುಹಿಸಿ ಕಾಯಬೇಕಾಗಿಲ್ಲ. ಅರ್ಜಿ ಮಂಜೂರಾದರೆ ಇಮೇಲ್‌ಗೆ ಇಟಿಎ ಎಂಬ ಪ್ರಯಾಣದ ಅನುಮತಿ ಪತ್ರ ಬರುತ್ತದೆ, ಅದನ್ನು ತೋರಿಸಿ ಇಳಿದ ನಿಲ್ದಾಣದಲ್ಲಿ ವೀಸಾ ಮುದ್ರೆ ಹಾಕಿಸಿಕೊಳ್ಳುವುದು.

ಆದರೆ ನಾನು ಮೊದಲ ಹೆಜ್ಜೆಯಲ್ಲಿಯೇ ತಪ್ಪಿದೆ. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಕಾಣಿಸಿದ ಜಾಲತಾಣವನ್ನು ತೆರೆದು, ಅದರ ನೆತ್ತಿಯ ಮೇಲಿದ್ದ ತ್ರಿವರ್ಣವನ್ನು ನಂಬಿ ವಿವರಗಳನ್ನೆಲ್ಲ ತುಂಬಿದೆ. ಹಣ ಕಟ್ಟಿದ ಮೇಲೆ ಬಂದ ರಸೀದಿಯಲ್ಲಿ ವೀಸಾ ಶುಲ್ಕಕ್ಕಿಂತ ಸೇವಾ ಶುಲ್ಕವೇ ದೊಡ್ಡದಾಗಿತ್ತು. ಅದು ಸರ್ಕಾರದ ತಾಣವಲ್ಲ, ಖಾಸಗಿ ಮಧ್ಯವರ್ತಿಯದು ಎಂದು ಆಗ ತಿಳಿಯಿತು. ಆ ಹಣ ಮರಳಿ ಬರಲಿಲ್ಲ. ಹಣಕ್ಕಿಂತಲೂ ಹೆಚ್ಚಾಗಿ ಮಗಳ ಪಾಸ್‌ಪೋರ್ಟಿನ ಪ್ರತಿ ಅಪರಿಚಿತರ ಕೈ ಸೇರಿತಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ. ಸರ್ಕಾರದ ತಾಣದ ವಿಳಾಸ ಇಂಡಿಯನ್‌ವೀಸಾಆನ್‌ಲೈನ್ ಡಾಟ್ ಗೌವ್ ಡಾಟ್ ಇನ್. ವಿಳಾಸ ‘ಗೌವ್ ಡಾಟ್ ಇನ್’ ಎಂದು ಮುಗಿಯದಿದ್ದರೆ ದಯವಿಟ್ಟು ಮುಂದುವರಿಯಬೇಡಿ.

ಸರಿಯಾದ ತಾಣದಲ್ಲಿ ಎರಡನೆಯ ಬಾರಿ ಕುಳಿತಾಗ ಅವಸರ ಮಾಡಲಿಲ್ಲ. ಮೊದಲ ಪುಟ ತುಂಬಿದೊಡನೆ ಒಂದು ತಾತ್ಕಾಲಿಕ ಅರ್ಜಿ ಸಂಖ್ಯೆ ಕಾಣಿಸುತ್ತದೆ. ಅದನ್ನು ಕಾಗದದಲ್ಲಿ ಬರೆದಿಟ್ಟುಕೊಂಡರೆ ನಡುವೆ ನಿಲ್ಲಿಸಿದ ಅರ್ಜಿಯನ್ನು ಬಿಟ್ಟಲ್ಲಿಂದ ಮುಂದುವರಿಸಬಹುದು. ನಮಗೆ ಆ ಸಂಖ್ಯೆ ಎರಡು ಸಲ ಉಪಯೋಗಕ್ಕೆ ಬಂತು, ಏಕೆಂದರೆ ಹೆಸರಿನ ವಿಷಯದಲ್ಲಿಯೇ ಒಂದು ಸಂಜೆ ಪೂರ್ತಿ ಕಳೆಯಿತು.

ಕನ್ನಡದ ಮನೆಗಳಲ್ಲಿ ಹೆಸರೆಂದರೆ ತನ್ನ ಹೆಸರು, ಅದರ ಜೊತೆ ಇನಿಷಿಯಲ್‌ಗಳಲ್ಲಿ ಅಡಗಿರುವ ಊರು ಮತ್ತು ತಂದೆಯ ಹೆಸರು; ಅರ್ಜಿಗೆ ಬೇಕಾಗಿರುವುದು ಸರ್‌ನೇಮ್ (ಮನೆತನದ ಹೆಸರು) ಮತ್ತು ಗಿವನ್ ನೇಮ್ (ಇಟ್ಟ ಹೆಸರು) ಎಂಬ ಎರಡೇ ಜಾಗ. ನಮ್ಮ ಯಜಮಾನರ ಹಳೆಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿತ್ತು. ಆ ಕಾರಣಕ್ಕೆ ಅಮೆರಿಕದ ವೀಸಾದಲ್ಲಿ ಅವರ ಇಡೀ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಅಚ್ಚಾಗಿತ್ತು. ಅದನ್ನು ಸರಿಪಡಿಸಲು ಅವರು ಪಟ್ಟ ಪಾಡನ್ನು ಕಂಡವಳಾದ್ದರಿಂದ ಮಗಳ ಅರ್ಜಿಯಲ್ಲಿ ಒಂದಕ್ಷರವೂ ತಪ್ಪಬಾರದೆಂಬುದು ನನ್ನ ಹಟವಾಗಿತ್ತು.

ಮಗಳಿಗೆ ನಡುವಿನ ಹೆಸರಾಗಿ ಅಜ್ಜಿಯ ಹೆಸರನ್ನೇ ಇಟ್ಟಿದ್ದೇವೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಆದರೆ ಅಮ್ಮನ ಆಧಾರ್ ಕಾರ್ಡಿನಲ್ಲಿ ‘ತ’ ಅಕ್ಷರಕ್ಕೆ ಇಂಗ್ಲಿಷಿನ ಟಿ ಒಂದೇ ಇದೆ, ಮಗಳ ಪಾಸ್‌ಪೋರ್ಟಿನಲ್ಲಿ ಟಿ ಪಕ್ಕದಲ್ಲಿ ಎಚ್ ಕೂಡ ಇದೆ. ಭಾರತದಲ್ಲಿ ಪರಿಚಿತರೊಬ್ಬರ ಹೆಸರು, ವಿಳಾಸ, ಫೋನ್ ಸಂಖ್ಯೆಯನ್ನು ಅರ್ಜಿ ಕೇಳುತ್ತದೆ. ನಾವು ಅಮ್ಮನನ್ನೇ ಕೊಟ್ಟೆವು. ಹೀಗೆ ಒಂದೇ ಹೆಸರು ಒಂದೇ ಅರ್ಜಿಯಲ್ಲಿ ಎರಡು ಕಾಗುಣಿತದಲ್ಲಿ ಬರಬೇಕಾಯಿತು. ಎರಡನ್ನೂ ಒಂದೇ ರೀತಿ ಬರೆದುಬಿಡೋಣ ಎಂಬ ಆಸೆಯಾದರೂ ತಡೆದುಕೊಂಡೆ. ಪಾಸ್‌ಪೋರ್ಟಿನ ಕೆಳಗಡೆ ಯಂತ್ರ ಓದುವ ಎರಡು ಸಾಲುಗಳಿರುತ್ತವಲ್ಲ, ಮೊದಲ ಸಾಲಿನಲ್ಲಿ ಸರ್‌ನೇಮ್ ಮುಗಿದಲ್ಲಿ ಬಾಣದ ತುದಿಯಂತಹ ಗುರುತು ಎರಡು ಸಲ ಬರುತ್ತದೆ, ಅದರ ನಂತರದ್ದು ಗಿವನ್ ನೇಮ್. ಮಗಳು ಆ ಸಾಲಿನ ಕೆಳಗೆ ಸ್ಕೇಲ್ ಇಟ್ಟು ಒಂದೊಂದೇ ಅಕ್ಷರ ಓದಿದಳು, ನಾನು ಟೈಪ್ ಮಾಡಿದೆ.

ದೇಹದ ಮೇಲಿನ ಗುರುತನ್ನೂ ಅರ್ಜಿ ಕೇಳುತ್ತದೆ. ನಮ್ಮ ಕಾಲದ ಶಾಲೆಯ ಟಿ.ಸಿ.ಯಲ್ಲಿ ‘ಬಲಗೆನ್ನೆಯ ಮೇಲೆ ಕಪ್ಪು ಮಚ್ಚೆ’ ಎಂದು ಬರೆಯುತ್ತಿದ್ದುದು ನೆನಪಾಯಿತು. ಮಗಳು ಸೈಕಲ್ಲಿನಿಂದ ಬಿದ್ದು ಮೊಣಕೈಗೆ ಆದ ಗಾಯದ ಕಲೆಯನ್ನು ತೋರಿಸಿದಳು, ಅದನ್ನೇ ಬರೆದೆವು. ತಂದೆ ತಾಯಿಯ ಹುಟ್ಟೂರು, ಅಜ್ಜ ಅಜ್ಜಿಯರಿಗೆ ಪಾಕಿಸ್ತಾನದ ಸಂಬಂಧವಿತ್ತೇ ಎಂಬ ಪ್ರಶ್ನೆಗಳೂ ಇವೆ.

ಫೋಟೋ ಅಗಲ ಎತ್ತರ ಎರಡೂ ಸಮನಾಗಿರುವ ಚೌಕಾಕಾರದ ಜೆಪೆಗ್ ಆಗಿರಬೇಕು, ಹಿನ್ನೆಲೆ ತಿಳಿಯಾಗಿರಬೇಕು, ಕನ್ನಡಕ ಕೂಡದು, 1 ಎಂಬಿ ಮೀರಬಾರದು. ಪಾಸ್‌ಪೋರ್ಟಿನ ಪುಟ ಪಿಡಿಎಫ್ ರೂಪದಲ್ಲಿ 300 ಕೆಬಿ ಒಳಗಿರಬೇಕು. ಫೋನಿನಲ್ಲಿ ಸ್ಕ್ಯಾನ್ ಮಾಡಿದ್ದು ಇದಕ್ಕಿಂತ ದೊಡ್ಡದಾಗಿತ್ತು, ಕುಗ್ಗಿಸಿದರೆ ಅಕ್ಷರ ಮಸುಕಾಗುತ್ತಿತ್ತು. ಕೊನೆಗೆ ಹಗಲು ಬೆಳಕಿನಲ್ಲಿ ಕಿಟಕಿಯ ಬಳಿ ಮತ್ತೆ ಸ್ಕ್ಯಾನ್ ಮಾಡಿದ ಪ್ರತಿಯೇ ಸರಿಹೋಯಿತು.

ಮೂವತ್ತು ದಿನಗಳ ವೀಸಾಕ್ಕೆ ಪ್ರಯಾಣಕ್ಕಿಂತ 30 ದಿನ ಮೊದಲಿನಿಂದ, ಕಡೇಪಕ್ಷ 4 ದಿನ ಮುಂಚೆ ಅರ್ಜಿ ಹಾಕಬೇಕು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಬೇಕು, ಎರಡು ಪುಟ ಖಾಲಿ ಇರಬೇಕು. ಅರ್ಜಿ ತಿರಸ್ಕೃತವಾದರೂ ಶುಲ್ಕ ವಾಪಸಾಗುವುದಿಲ್ಲ. ಅದಕ್ಕೇ ಹಣ ಕಟ್ಟುವ ಮುನ್ನ ಅರ್ಜಿಯನ್ನು ಮುದ್ರಿಸಿ, ಅದನ್ನು ಅದುವರೆಗೆ ನೋಡಿರದ ಮನೆಯವರೊಬ್ಬರ ಕೈಯಲ್ಲಿ ಓದಿಸಬೇಕೆಂದು ನನಗೆ ಅನಿಸಿತು. ನಮ್ಮ ಅರ್ಜಿಯನ್ನು ಯಜಮಾನರು ಓದಿ ಹುಟ್ಟಿದ ತಾರೀಖಿನ ತಪ್ಪೊಂದನ್ನು ಹಿಡಿದರು. ಅಮೆರಿಕದ ಅಭ್ಯಾಸದಂತೆ ನಾನು ತಿಂಗಳನ್ನು ಮೊದಲು ಹಾಕಿದ್ದೆ.

ಮೂರನೆಯ ದಿನ ಇಟಿಎ ಬಂತು. ಇಮೇಲ್ ಬಂದಿತೆಂದು ಸುಮ್ಮನಾಗದೆ ತಾಣಕ್ಕೆ ಹೋಗಿ ಅರ್ಜಿಯ ಸ್ಥಿತಿ ‘ಗ್ರಾಂಟೆಡ್’ ಎಂದಿರುವುದನ್ನು ಖಚಿತಪಡಿಸಿಕೊಂಡು ಎರಡು ಪ್ರತಿ ಮುದ್ರಿಸಿದೆ. 2025ರ ಅಕ್ಟೋಬರ್ 1ರಿಂದ ವಿದೇಶಿ ಪ್ರಯಾಣಿಕರಿಗೆ, ಬಂದಿಳಿಯುವ ವಿವರಗಳನ್ನು ಆನ್‌ಲೈನಿನಲ್ಲಿ ತುಂಬುವ ಇ-ಅರೈವಲ್ ಕಾರ್ಡ್ ಕೂಡ ಬಂದಿದೆ. ಇದು ವೀಸಾ ಅಲ್ಲ, ಇದಕ್ಕೆ ಶುಲ್ಕವೂ ಇಲ್ಲ. ಇಳಿಯುವುದಕ್ಕೆ ಮುಂಚಿನ 72 ಗಂಟೆಗಳೊಳಗೆ ತುಂಬಿದರಾಯಿತು.

ಕೆಂಪೇಗೌಡ ನಿಲ್ದಾಣದಲ್ಲಿ ನಮ್ಮ ಸಾಲು ಬೇರೆ, ಅವಳ ಸಾಲು ಬೇರೆ. ಯಜಮಾನರು ಭಾರತೀಯರ ಸಾಲಿಗೆ ಹೋದರು, ನಾನು ಮಗಳ ಜೊತೆ ಇ-ವೀಸಾ ಕೌಂಟರಿನಲ್ಲಿ ನಿಂತೆ. ಅಧಿಕಾರಿ ಅವಳ ಬೆರಳಚ್ಚು ತೆಗೆದುಕೊಂಡು, ಪಾಸ್‌ಪೋರ್ಟನ್ನೂ ಇಟಿಎ ಕಾಗದವನ್ನೂ ಪಕ್ಕ ಪಕ್ಕದಲ್ಲಿಟ್ಟು, ಹೆಸರಿನ ಮೇಲೆ ಪೆನ್ನಿನ ತುದಿ ಆಡಿಸಿದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಮುದ್ರೆ ಬಿದ್ದ ಮೇಲೆ ತಲೆಯೆತ್ತಿ, “ಎಷ್ಟು ದಿನ ಇರ್ತೀಯಮ್ಮಾ?” ಎಂದು ಕನ್ನಡದಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು, “ಹದಿನಾರು ದಿನ, ಅಜ್ಜಿ ಮನೇಲಿ” ಎಂದಳು.