ಅಪ್ಪ ಯಾವ ಭಾಷೇಲಿ ಮಾತಾಡ್ಬೇಕು?

ಮೂರು ತಿಂಗಳಿಂದ ಒಂದೇ ಕಥೆ ಹಿಡ್ಕೊಂಡು ಕೂತಿದೀನಿ. ಶ್ರೀನಿವಾಸಪುರದ ಹತ್ರ ನಮ್ಮದೊಂದು ಸಣ್ಣ ಮಾವಿನ ತೋಪು ಇತ್ತು, ಅದನ್ನ ಒಂದು ವರ್ಷ ಅಪ್ಪ ಹೂವಲ್ಲೇ ಕೊಟ್ಟುಬಿಟ್ರು. ಅಂದ್ರೆ ಕಾಯಿ ಕಟ್ಟೋಕೆ ಮುಂಚೇನೇ ವ್ಯಾಪಾರಿ ಬಂದು ಬರೀ ಹೂವು ನೋಡಿ ಇಡೀ ಫಸಲಿಗೆ ರೇಟು ಕಟ್ಟೋದು, ಆಮೇಲೆ ಗಾಳಿ ಬರ್ಲಿ ಆಲಿಕಲ್ಲು ಬೀಳ್ಲಿ ಲಾಭ ನಷ್ಟ ಎಲ್ಲಾ ಅವನದು. ಅಕ್ಕನ ಮದುವೆಗೆ ದುಡ್ಡು ಬೇಕಿತ್ತು. ಆ ವರ್ಷ ನೋಡಿ, ತೋತಾಪುರಿ ಕೊಂಬೆ ನೆಲಕ್ಕೆ ತಾಗೋ ಹಾಗೆ ಬಿಡ್ತು, ಲಾರಿ ಮೇಲೆ ಲಾರಿ ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗಳಿಗೆ ಹೋದ್ವು, ಅಪ್ಪ ಬೇಲಿ ಹತ್ರ ನಿಂತು ನೋಡ್ತಿದ್ರು. ಸಣ್ಣ ಕಥೆಗೆ ಇಷ್ಟು ಬೇಕಾದಷ್ಟಾಯ್ತು.

ಆದ್ರೆ ಬರೆಯೋಕೆ ಕೂತ್ರೆ ಮೊದಲನೇ ಮಾತಿಗೇ ನಿಂತುಹೋಗ್ತೀನಿ. ಯಾಕಂದ್ರೆ ನಮ್ಮನೇಲಿ ತೆಲುಗು. ಕೋಲಾರದ ಕಡೆ ಇದೇನು ವಿಶೇಷ ಅಲ್ಲ, ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಮಂಡೀಲಿ ಎರಡೂ ಜೊತೆಗೆ ಉರ್ದೂನೂ. ಓದಿದ್ದು ಬರೆದಿದ್ದು ಎಲ್ಲಾ ಕನ್ನಡ ಆದ್ದರಿಂದ ಕಥೆ ನಂಗೆ ಕನ್ನಡದಲ್ಲೇ ಹುಟ್ಟುತ್ತೆ, ಬೇರೆ ಭಾಷೇಲಿ ಒಂದು ಪ್ಯಾರಾನೂ ಬರೆಯೋಕಾಗಲ್ಲ, ಆದ್ರೆ ಕಥೆಯೊಳಗಿನ ಅಪ್ಪ ಮಾತ್ರ "ಏಮ್ರಾ, ತಿನ್ನಾವಾ" ಅಂತಾನೇ ಒಳಗೆ ಬರ್ತಾರೆ. ಅದನ್ನ "ಏನೋ, ಊಟ ಆಯ್ತಾ" ಅಂತ ಟೈಪ್ ಮಾಡಿದ ತಕ್ಷಣ ಅಲ್ಲಿ ಅಪ್ಪ ಇರಲ್ಲ, ಬೇರೆ ಯಾರೋ ಬಂದು ಕೂತಿರ್ತಾರೆ. ತೆಲುಗಲ್ಲೇ ಬಿಟ್ರೆ ಧಾರವಾಡದಲ್ಲೋ ಕುಮಟಾದಲ್ಲೋ ಕೂತು ಓದೋರು ಏನ್ ಮಾಡ್ಬೇಕು?

ಇದು ನನ್ನೊಬ್ಬನ ಕಷ್ಟ ಅಂದ್ಕೊಂಡಿದ್ದೆ. ಆಮೇಲೆ ಹೊಳೀತು, ಕನ್ನಡದ ಸಣ್ಣ ಕಥೆ ಬೆಳೆದಿದ್ದೇ ಇಂಥ ಮನೆಗಳಲ್ಲೂ ಕೂಡ ಅಲ್ವಾ. ಮಾಸ್ತಿ ನಮ್ಮ ಜಿಲ್ಲೆಯವರೇ, ಮಾಲೂರು ತಾಲ್ಲೂಕಿನ ಮಾಸ್ತಿ ಊರಿನವರು, ಮನೆ ಮಾತು ತಮಿಳು, 1920ರಲ್ಲಿ ಅವರ ಮೊದಲ ಕಥಾ ಸಂಕಲನ ಬಂತು. ಪಂಜೆ ಮಂಗೇಶರಾಯರ ಮನೇಲಿ ಕೊಂಕಣಿ. ಹಾಸನದ ಬಾನು ಮುಷ್ತಾಕ್ ಅವರ ಮನೇಲಿ ದಖನಿ ಉರ್ದು, ಅವರು ಕನ್ನಡದಲ್ಲಿ ಬರೆದ 12 ಕಥೆಗಳಿಗೇ 2025ರ ಅಂತಾರಾಷ್ಟ್ರೀಯ ಬೂಕರ್ ಸಿಕ್ಕಿದ್ದು. ಆ ಕಥೆಗಳನ್ನ ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಕನ್ನಡದ, ಉರ್ದುವಿನ ಎಷ್ಟೋ ಪದಗಳನ್ನ ಹಾಗೇ ಉಳಿಸಿದ್ದಾರೆ, ಅಡಿಟಿಪ್ಪಣಿ ಹಾಕಿ ಅರ್ಥ ಹೇಳೋಕೆ ಹೋಗಿಲ್ಲ. ಇದನ್ನ ಓದಿದ ದಿನ ನಂಗೆ ತುಂಬಾ ಧೈರ್ಯ ಬಂತು, ನಿಜವಾಗ್ಲೂ. ಓದೋರನ್ನ ನಾನೇ ಅನುಮಾನದಿಂದ ನೋಡ್ತಿದ್ದೆ ಅನ್ನಿಸ್ತು.

ಆ ಅನುಮಾನ ಹಳೇದು. ಎರಡು ವರ್ಷದ ಹಿಂದೆ ಒಂದು ದೀಪಾವಳಿ ಕಥಾಸ್ಪರ್ಧೆಗೆ ಕಥೆ ಕಳಿಸಿದ್ದೆ, ಆಯ್ಕೆ ಆಗಲಿಲ್ಲ, ಆಗ ಬೇಜಾರಾಗಿತ್ತು. ಈಗ ತೆಗೆದು ಓದಿದ್ರೆ ಕೊನೇ ಪ್ಯಾರಾದಲ್ಲಿ ಇಡೀ ಕಥೇನ ಮತ್ತೆ ಬಿಡಿಸಿ ಹೇಳಿಬಿಟ್ಟಿದೀನಿ, ಎಲ್ಲಿ ಅರ್ಥ ಆಗಲ್ವೋ ಅಂತ. ಕಾದಂಬರೀಲಾದ್ರೆ ಇಂಥದ್ದು ಎಲ್ಲೋ ಮುಚ್ಚಿಹೋಗುತ್ತೆ. ಎಂಟು ಪುಟದ ಕಥೇಲಿ ಒಂದು ಸಾಲು ಸುಳ್ಳಾದ್ರೂ ಊಟದಲ್ಲಿ ಸಿಕ್ಕಿದ ಕಲ್ಲಿನ ಹಾಗೆ, ಮಿಕ್ಕಿದ್ದೆಲ್ಲಾ ಹಾಳು.

ಇಷ್ಟು ಕಷ್ಟ ಇದ್ರೂ ಯಾಕೆ ಬರೀತೀಯ ಅಂತ ಅಕ್ಕ ಕೇಳ್ತಾಳೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಸಾಲು ಕರೆಕ್ಟಾಗಿ ಕೂತ್ಕೊಳ್ಳುತ್ತಲ್ಲ, ಅದಕ್ಕೆ. ಮೊನ್ನೆ ಬೇಲಿ ಹತ್ರದ ಸೀನ್ ಬರೀವಾಗ ಅಪ್ಪನ ಕೈಯಲ್ಲಿ ಸೊನೆ ಅಂಟಿ ಕಪ್ಪಾಗಿರೋ ಕಲೆ ನೆನಪಾಯ್ತು, ಬೇಸಿಗೆ ಮುಗಿದ್ರೂ ಅದು ಹೋಗ್ತಿರಲಿಲ್ಲ. ಆ ವರ್ಷ ಮಾತ್ರ ಅವರ ಕೈಗೆ ಸೊನೆ ಅಂಟಿರಲಿಲ್ಲ. ಅದೊಂದನ್ನ ಬರೆದು ಎದ್ದು ನೀರು ಕುಡಿದು ಬಂದು ಮತ್ತೆ ಓದಿದೆ. ಆಮೇಲೆ ತುಂಬಾ ಹೊತ್ತು ನಿದ್ದೆ ಬರಲಿಲ್ಲ, ಖುಷಿಗೋ ಅಪ್ಪನ ನೆನಪಿಗೋ ಹೇಳೋಕಾಗಲ್ಲ.

ಹೋದ ಭಾನುವಾರ ಅಮ್ಮನಿಗೆ ಓದೋಕೆ ಕೊಟ್ಟೆ. ಕನ್ನಡ ಚೆನ್ನಾಗಿ ಓದ್ತಾಳೆ, ಮಾತು ಪೂರ್ತಿ ತೆಲುಗು. ನಾನು ಅತಿ ಕಷ್ಟಪಟ್ಟು ಬರೆದಿದ್ದು ವ್ಯಾಪಾರದ ಚೌಕಾಸಿ, ಎರಡು ಪುಟ, ಅಪ್ಪ ಒಂದು ರೇಟು ಹೇಳೋದು, ವ್ಯಾಪಾರಿ ಸಾಬರು ಇನ್ನೊಂದು ಹೇಳೋದು. ಅದನ್ನ ಓದಿ ಅಮ್ಮ ಕನ್ನಡಕ ತೆಗೆದು, ಇಷ್ಟು ಮಾತು ಯಾರಾಡಿದ್ರು ಆವತ್ತು, ಟವಲ್ ಕೆಳಗೆ ಬೆರಳು ಹಿಡಿದೇ ಎಲ್ಲಾ ಮುಗಿಸಿದ್ರು, ಪಕ್ಕದಲ್ಲಿ ನಿಂತಿದ್ದ ನಂಗೇ ರೇಟು ಗೊತ್ತಾಗಲಿಲ್ಲ ಅಂದ್ಲು.

ಎರಡು ಪುಟ ಹೊಡೆದುಹಾಕಿದೆ. ಈಗ ಅಲ್ಲಿ ಒಂದು ಟವಲ್ಲು, ಅದರ ಕೆಳಗೆ ನಾಲ್ಕು ಬೆರಳು ಹಿಡಿದು ಒಂದು ಬಿಡೋದು, ಮತ್ತೆ ಹಿಡಿಯೋದು, ಅಮ್ಮ ಟವಲ್ಲನ್ನೇ ನೋಡ್ತಾ ನಿಂತಿರೋದು. ಕೈ ಆಚೆ ತೆಗೆದ ಮೇಲೆ ಅಪ್ಪ ಏನಾದ್ರೂ ಅಂದ್ರಾ ಅಂತ ಅಮ್ಮನ್ನ ಕೇಳಿದೆ. "ಸರ್ಲೆ" ಅಂದ್ರಂತೆ, ಅಷ್ಟೇ.

ಅದನ್ನ ತೆಲುಗಲ್ಲೇ ಬಿಟ್ಟಿದೀನಿ.